ಮುಟ್ಟಬಾರದ ಎಣ್ಣೆ

“ಬಿಚ್ಚು ಅಂದರೆ ಬಿಚ್ಚಪ್ಪ. ಇದೇನು ಹುಲಿ ಬಾಯಾ?”

ಗ್ಯಾರೇಜಿನ ಗುಂಡಿಯೊಳಗೆ ನಿಂತಿದ್ದ ಮೇಸ್ತ್ರಿ ಸ್ಪ್ಯಾನರ್ ಹಿಡಿದುಕೊಂಡೇ ಮೇಲೆ ನೋಡಿದ. ಮೇಲೆ ನಿಂತ ಕಾರಿನ ಚಕ್ರದ ಪಕ್ಕ, ಅದನ್ನು ತಂದ ಅಮ್ಮನ ಸವೆದ ಚಪ್ಪಲಿಗಳಷ್ಟೇ ಕಾಣುತ್ತಿದ್ದವು. ಬಂದಾಗಿನಿಂದ ಅವು ಕದಲಿರಲಿಲ್ಲ.

“ಅಮ್ಮಾ, ಇನ್ನೊಂದು ಸಲ ಹೇಳ್ತೀನಿ ಕೇಳಿ. ಇದು ಗೇರು ತಾನೇ ಬೀಳೋ ಗಾಡಿ. ಹುಟ್ಟಿದಾಗ ಹಾಕಿದ ಎಣ್ಣೆಯೇ ಇನ್ನೂ ಒಳಗಿದೆ. ಸವೆದ ಪುಡಿಯೆಲ್ಲಾ ಅದರಲ್ಲಿ ಕಲಸಿಕೊಂಡು, ಆ ಗಸೀನೇ ಈಗ ಗೇರನ್ನ ಹಿಡ್ಕೊಂಡಿರೋದು. ಹೊಸ ಎಣ್ಣೆ ಬಿತ್ತೋ, ಹಿಡಿತ ತಪ್ಪಿತು. ಇಂಜಿನ್ ಕೂಗುತ್ತೆ, ಗಾಡಿ ಕದಲಲ್ಲ.”

“ಕದಲೋದೇ ಇಲ್ವಾ?”

“ಇಲ್ಲ.”

“ಖಾತ್ರಿ?”

“ಹಾಗೆ ನಿಂತುಹೋದ ಗಾಡೀನ ಈ ಕೈಯಲ್ಲೇ ಗುಜರಿಗೆ ತಳ್ಳಿದ್ದೀನಿ.”

“ಬೇರೆ ಗೇರ್ ಬಾಕ್ಸ್ ಸಿಗುತ್ತಾ?”

“ಎಲ್ಲಿಂದ ಸಿಗಬೇಕು? ಇದನ್ನ ಮಾಡಿದ ಕಂಪನಿಯವರಿಗೇ ಇದರ ನೆನಪಿಲ್ಲ.”

“ಸರಿ. ಬಿಚ್ಚು.”

ಬಾಗಿಲ ಬಳಿ ಯಾವುದೋ ಬಾನೆಟ್ ಉಜ್ಜುತ್ತಿದ್ದ ಮೇಸ್ತ್ರಿಯ ಭಾವಮೈದ ಕಿಸಕ್ಕನೆ ನಕ್ಕ. “ಭಾವ, ಅಮ್ಮ ಗೇರ್ ಹಾಕಿಬಿಟ್ಟಿದ್ದಾರೆ. ಇನ್ನು ರಿವರ್ಸ್ ಇಲ್ಲ ಬಿಡಿ. ಅಂದಹಾಗೆ ಅಮ್ಮಾ, ಎಡಗಡೆ ಲೈಟು ಒಡೆದಿದೆಯಲ್ಲ?”

“ಗೇಟು ಅಡ್ಡ ಬಂತು.”

“ಗೇಟಿಗೂ ಕಾಲು ಬಂತಾ?”

“ನಮ್ಮನೇದಕ್ಕೆ ಬಂದಿದೆ. ನೀನು ನಿನ್ನ ಬಾನೆಟ್ ಉಜ್ಜು.”

ಮೇಸ್ತ್ರಿಗೆ ನಗು ಬರಲಿಲ್ಲ. ಅವನ ಅಳುಕು ಅಮ್ಮನ ಯಜಮಾನರದು. ಅವರು ತಲೆ ನರೆಯುವವರೆಗೆ ಬಸ್ಸು ಓಡಿಸಿದವರು. ಕ್ಲಚ್ ತುಳಿದೂ ತುಳಿದೂ ಎಡ ಮೊಣಕಾಲು ಸವೆದ ಮೇಲೆ ಕ್ಲಚ್ಚೇ ಇಲ್ಲದ ಈ ಗಾಡಿ ಕೊಂಡಿದ್ದರು. ಯಾರಾದರೂ ಬಾಗಿಲು ದಡಾರನೆ ಹಾಕಿದರೆ ಸಿಡುಕುವರು. ಪೇಟೆಗೆ ಹೋಗಲಿ, ಮೊಮ್ಮಗಳನ್ನು ಶಾಲೆಗೆ ಬಿಡಲಿ, ಸ್ಟೇರಿಂಗು ಅವರ ಕೈಯಲ್ಲೇ ಇರಬೇಕು. ಯಾರ ಕೈಸನ್ನೆಯೂ ಇಲ್ಲದೆ ಗಾಡಿಯನ್ನು ಗುಂಡಿಯ ಮೇಲೆ ನೂಲು ಹಿಡಿದಂತೆ ತಂದು ನಿಲ್ಲಿಸಿದ ಈ ಹೆಂಗಸಿಗೂ ಮನೆಯಲ್ಲಿ ಪಕ್ಕದ ಸೀಟೇ ಗತಿ. ಈಚೆಗೆ ಯಜಮಾನರ ಗತ್ತು ಇನ್ನೂ ಏರಿತ್ತು. ಮೊನ್ನೆ ರಸ್ತೆಯಲ್ಲಿ ಎದುರಿಗೇ ನಿಂತು ಮೇಸ್ತ್ರಿ ಕೈಮುಗಿದರೂ ನೆಟ್ಟಗೆ ನೋಡುತ್ತ ಹೊರಟುಹೋಗಿದ್ದರು.

“ಯಜಮಾನರಿಗೆ ಹೇಳಿ ಬಂದಿದ್ದೀರಾ?”

“ಊಟ ಮಾಡಿ ಮಲಗಿದ್ದಾರೆ. ಗಾಡಿ ನನ್ನ ಹೆಸರಲ್ಲಿದೆ. ಮಾತೂ ನನ್ನದೇ.”

“ಇದು ನಿಂತುಹೋದರೆ ನನ್ನ ಚರ್ಮ ಸುಲೀತಾರೆ.”

“ನಿನ್ನ ಚರ್ಮಕ್ಕೆ ನಾನು ಅಡ್ಡ ನಿಲ್ತೀನಿ. ಊರಲ್ಲಿರೋ ಗ್ಯಾರೇಜೆಲ್ಲಾ ಸುತ್ತಿ ಬಂದೆ. ಎಲ್ಲರೂ ಇದೇ ಪಾಠ ಒಪ್ಪಿಸಿದರು, ಕೈ ಮಾತ್ರ ಯಾರೂ ಹಾಕಲಿಲ್ಲ. ಗಂಡಸರೆಲ್ಲಾ ಒಂದು ನಟ್ಟಿಗೆ ಹೆದರಿಕೊಂಡು ಕೂತಿದ್ದೀರಿ. ನಿನ್ನ ಕೈಲೂ ಆಗಲ್ಲ ಅಂದರೆ ಆ ಸ್ಪ್ಯಾನರ್ ಇಲ್ಲಿ ಕೊಡು, ನಾನೇ ಇಳೀತೀನಿ.”

ಚಪ್ಪಲಿಗಳು ನಿಜವಾಗಿಯೂ ಗುಂಡಿಯ ಮೆಟ್ಟಿಲ ಕಡೆ ತಿರುಗಿದವು. ಮೇಸ್ತ್ರಿ ನಟ್ಟಿಗೆ ಸ್ಪ್ಯಾನರ್ ಕೊಟ್ಟ.

ಎಣ್ಣೆ ಡಾಂಬರಿನಂತೆ ಕಪ್ಪಗೆ, ಸುಟ್ಟ ವಾಸನೆ ಹೊತ್ತು ಇಳಿಯಿತು. ತಳದ ತಟ್ಟೆ ಬಿಚ್ಚಿದರೆ ಅಯಸ್ಕಾಂತದ ಬಿಲ್ಲೆಯ ತುಂಬ ಬೂದು ಕೆಸರು.

“ಎಲ್ಲಾ ಇಳೀತಾ?” ಮೇಲಿನಿಂದ ಅಮ್ಮ ಕೇಳಿದರು. “ಒಂದು ತೊಟ್ಟೂ ಉಳೀಬಾರದು.”

“ಹೂಂ,” ಎಂದ ಮೇಸ್ತ್ರಿ.

ಅದು ಸುಳ್ಳು. ಒತ್ತಡದ ಪೈಪು ಹಚ್ಚಿ ಒಳಗೆಲ್ಲ ತೊಳೆದರೆ ಮಾತ್ರ ಹಳೆಯದು ಪೂರ್ತಿ ಹೊರಬೀಳುವುದು. ಅವನು ಪೈಪು ಮುಟ್ಟಲಿಲ್ಲ. ಹೊಸ ಎಣ್ಣೆ ನಂಬಿ ಗಂಡನ ಗಾಡಿ ಉಳಿಸಿಕೊಳ್ಳಲು ಊರನ್ನೇ ಎದುರು ಹಾಕಿಕೊಂಡು ನಿಂತ ಈ ಜೀವ ಸೋಲಬಾರದು ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ತಾನಾಗಿ ಇಳಿದಷ್ಟನ್ನೇ ಇಳಿಸಿದ. ಅರ್ಧದಷ್ಟು ಒಳಗೇ ಉಳಿಯಲಿ, ಹಳೆಯದರ ಜೊತೆ ಹೊಸದು ಮೆಲ್ಲಗೆ ಹೊಂದಿಕೊಳ್ಳಲಿ. ತಟ್ಟೆ ತೊಳೆದ, ಬಿಲ್ಲೆ ಒರೆಸಿದ, ಫಿಲ್ಟರ್ ಬದಲಿಸಿದ. ಕೆಂಪಗಿನ ಹೊಸ ಎಣ್ಣೆಯನ್ನು ಮಗುವಿಗೆ ಹಾಲು ಕುಡಿಸುವವನಂತೆ ಸ್ವಲ್ಪಸ್ವಲ್ಪವೇ ಹುಯ್ದ. ಇಂಜಿನ್ ಶುರು ಮಾಡಿ, ಬ್ರೇಕು ಒತ್ತಿ ಹಿಡಿದು, ಲಿವರನ್ನು ಪ್ರತಿ ಗೇರಿನ ಮನೆಗೂ ತಂದು ನಿಲ್ಲಿಸಿ, ಅಳತೆ ಕಡ್ಡಿ ಎಳೆದು ನೋಡಿದ.

“ಏರಿನಲ್ಲಿ ಒಂದು ಸುತ್ತು ಹಾಕೋಣ, ಬನ್ನಿ ಅಮ್ಮಾ.”

“ನೀನು ಹೋಗು. ನಾನು ಇಲ್ಲೇ ನಿಂತು ನೋಡ್ತೀನಿ.”

ಗ್ಯಾರೇಜಿನ ಹಿಂದೆ ಹೊಲದ ಅಂಚಿಗೆ ಕಡಿದಾದ ಮಣ್ಣಿನ ಏರು. ಅಮ್ಮ ಸೊಂಟದ ಮೇಲೆ ಕೈಯಿಟ್ಟು ರೆಪ್ಪೆ ಬಡಿಯದೆ ನೋಡಿದರು. ಗಾಡಿ ಒಂದು ಕ್ಷಣ ತಡೆಯಿತು. ಭಾವಮೈದ ಉಜ್ಜುವುದನ್ನು ನಿಲ್ಲಿಸಿದ. ಆಮೇಲೆ ಅದು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಏರು ಹತ್ತಿ, ತುದಿಯಲ್ಲಿ ತಿರುಗಿ, ಒಂದು ಜರ್ಕೂ ಇಲ್ಲದೆ ಇಳಿದು ಬಂತು.

ಮೇಸ್ತ್ರಿಯ ಮುಖ ಊರಗಲವಾಗಿತ್ತು. “ಗೆದ್ದಿರಿ ಅಮ್ಮಾ! ನಮ್ಮ ಮಾತೆಲ್ಲಾ ಸುಳ್ಳು ಮಾಡಿಬಿಟ್ಟಿರಿ. ಇನ್ನು ಯಜಮಾನರು ಎಷ್ಟು ವರ್ಷ ಬೇಕಾದರೂ ಓಡಿಸಲಿ, ನಾನು ಜವಾಬ್ದಾರಿ.”

ಅಮ್ಮ ಪಕ್ಕದಲ್ಲಿದ್ದ ಹಳೆಯ ಟೈರಿನ ಮೇಲೆ ಕುಸಿದು ಕೂತು, ತಮಗೆ ಮೋಸ ಮಾಡಿದವರನ್ನು ನೋಡುವಂತೆ ಕಾರನ್ನು ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

“ಮತ್ತೆ ಗುಂಡಿ ಮೇಲೆ ತಂದು ನಿಲ್ಲಿಸು. ಎಣ್ಣೆ ಇಳಿಸು. ಈ ಸಲ ತುಂಬಬೇಡ.”

“ಅಯ್ಯೋ! ಗೇರ್ ಬಾಕ್ಸ್ ಸುಟ್ಟು ಹೋಗುತ್ತಮ್ಮಾ!”

“ಸುಟ್ಟು ಹೋಗಲಿ ಅಂತಲೇ ಊರೆಲ್ಲಾ ಸುತ್ತಿದ್ದು. ಅವರಿಗೆ ಕಣ್ಣು ಕಾಣಿಸ್ತಿಲ್ಲ, ಮೇಸ್ತ್ರಿ. ಗಾಡಿ ಕೈಕೊಟ್ಟರೆ ಒಪ್ಕೋತಾರೆ, ಕಣ್ಣು ಕೈಕೊಟ್ಟಿದ್ದನ್ನ ಒಪ್ಕೊಳ್ಳಲ್ಲ.”