ಊರೂರಲ್ಲೂ ಮುಳುಗಿದ ಫ್ರೊಯಿಲಾನ್

ಮೂರನೆಯ ಊರಿನಲ್ಲೂ ಫ್ರೊಯಿಲಾನ್ ಮುಳುಗಿದ.

ಸಾಲಿನಾಸ್‌ನ ಕಡಲತೀರ, ಮಟಮಟ ಮಧ್ಯಾಹ್ನ. ಸರ್ಫಿಂಗ್ ಹಲಗೆಯ ಹಗ್ಗವನ್ನು ಕಾಲಿಗೆ ಕಟ್ಟಿಕೊಳ್ಳಬೇಕೆಂದು ಪುಟ್ಟ ಮಕ್ಕಳಿಗೂ ಗೊತ್ತು. ಅವನ ಘನತೆಗೆ ಅದು ಕಡಿಮೆ. ಹಾಗಾಗಿ ಹಲಗೆಯೊಂದೇ ಅಲೆಯೇರಿ ಅಂದವಾಗಿ ದಡಕ್ಕೆ ಬಂತು. ಯಜಮಾನ ಹಿಂದೆಯೇ ಉಳಿದು ಕೈಕಾಲು ಬಡಿಯುತ್ತಿದ್ದ.

ಹದಿನಾರರ ಮಗಳು ನಾಗೋರೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡಳು. ಅದರ ಅಂಚಿನಿಂದ ಅವಳು ನೋಡುತ್ತಿದ್ದುದು ಮಾತ್ರ ಅಪ್ಪನನ್ನಲ್ಲ, ಕೆಂಪು ಟೋಪಿಯ ಹೆಂಗಸನ್ನು. ಮೊದಲ ಊರು ಸರೌಟ್ಸ್‌ನಲ್ಲಿ ಆಕೆ ಇದ್ದಳು. ಎರಡನೆಯ ಊರು ಸೋಮೊದಲ್ಲೂ ಇದ್ದಳು. ಈಗ ಇಲ್ಲೂ ಇದ್ದಾಳೆ. ಅಪ್ಪ ಮುಳುಗಿದಾಗಲೆಲ್ಲ ಆಕೆ ಎದ್ದು ನಿಲ್ಲುತ್ತಾಳೆ. ಎಂಥ ಕಾಳಜಿ.

ಫ್ರೊಯಿಲಾನ್ ಪಲೆನ್ಸಿಯಾದವನು. ಅಲ್ಲಿಂದ ಕಡಲು ಕಾಣಬೇಕಾದರೆ ಮೂರು ತಾಸು ಕಾರು ಓಡಿಸಬೇಕು. ಬಚ್ಚಲುಮನೆಯ ನಲ್ಲಿ, ಟಬ್ಬು ಮಾರುವ ಅಂಗಡಿ ಅವನದು. ನಡುವಯಸ್ಸು ಮೀರಿದ ಮೇಲೆ ಅವನಿಗೆ ಅಲೆಯ ಮೇಲೆ ನಿಲ್ಲುವ ಜ್ಞಾನೋದಯವಾಯಿತು. ಬಾಡಿಗೆ ವ್ಯಾನಿಗೆ ಹೆಂಡತಿ ಮಗಳನ್ನು ಹತ್ತಿಸಿಕೊಂಡು, ಸರ್ಫಿಂಗಿಗೆ ಹೆಸರಾದ ಊರುಗಳಲ್ಲೆಲ್ಲ ಮುಳುಗುತ್ತ ಪಡುವಣಕ್ಕೆ ಹೊರಟ. ಚಳಿಗಾಲದಲ್ಲೇ ಹೊಟ್ಟೆ ಕರಗಿಸಿದ್ದ. ಬೆಳಗಾಗುವ ಮೊದಲೇ ಗೋದಾಮಿನ ಕೆಲಸವೆಂದು ಮನೆ ಬಿಡುತ್ತಿದ್ದ. ಟಬ್ಬುಗಳಿಗೆ ಅಷ್ಟು ಬೆಳಿಗ್ಗೆ ಏನು ಕೆಲಸವೋ. ಮಗಳು ದಡ್ಡಿಯಲ್ಲ. ನಿನ್ನೆ ಸೋಮೊದಲ್ಲಿ ಐಸ್‌ಕ್ರೀಮ್ ಅಂಗಡಿಯ ಹಿಂದೆ ಆ ಕೆಂಪು ಟೋಪಿ ಅಪ್ಪನ ತೋಳು ಹಿಡಿದು ಪಿಸುಗುಟ್ಟಿದ್ದನ್ನೂ ಕಣ್ಣಾರೆ ಕಂಡಿದ್ದಳು.

ಅಮ್ಮನಿಗೆ ಹೇಳುವುದು ಹೇಗೆ? ಎಡುರ್ನೆ ಬಾಸ್ಕ್ ಕರಾವಳಿಯ ಮೀನುಗಾರರ ಮಗಳು. ಹುಡುಗಿಯಾಗಿದ್ದಾಗ ಬಂದರಿನಿಂದ ಬಂಡೆಗಳವರೆಗೆ ಈಜಿ ಬರುವುದು ಅವಳಿಗೆ ಬೆಳಗಿನ ತಿರುಗಾಟ. ತಮ್ಮನಿಲ್ಲದೆ ಅವನ ದೋಣಿ ಮಾತ್ರ ಮರಳಿದ ದಿನದಿಂದ ಕಡಲಿಗೆ ಬೆನ್ನು ಹಾಕಿದಳು. ಮೀನು ಬೇಯಿಸುವುದನ್ನು ಬಿಟ್ಟಳು. ಮಾತೂ ಅಷ್ಟಕ್ಕಷ್ಟೇ. ಈ ಪ್ರವಾಸಕ್ಕೆ ಒಪ್ಪಿದ್ದೂ ಒಂದೇ ಷರತ್ತಿನ ಮೇಲೆ: ಅವಳು ವ್ಯಾನಿನಿಂದ ಇಳಿಯುವುದಿಲ್ಲ, ಪರದೆ ತೆರೆಯುವುದಿಲ್ಲ.

ಆದರೆ ಗಂಡ ಎಂಬ ಪ್ರಾಣಿ ನೆಮ್ಮದಿಯಾಗಿ ಕೂರಲು ಬಿಟ್ಟರೆ ತಾನೆ? ಸರೌಟ್ಸ್‌ನಲ್ಲಿ ಗಲಾಟೆ ಕೇಳಿ ಅವಳು ಪರದೆ ಸರಿಸಿ ಬೈದಳು. ಅವನನ್ನು ಕಡಲತೀರದ ಕಾವಲಿನ ಹುಡುಗರು ಎಳೆದು ತಂದರು. ಸೋಮೊದಲ್ಲಿ ಬೈಗುಳ ಅಷ್ಟು ದೂರ ಮುಟ್ಟಲಿಲ್ಲವೆಂದು ಮರಳಿಗಿಳಿದಳು. ಈಗ ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದಾಳೆ.

“ಟಬ್ ಮಾರೋನಿಗೆ ಟಬ್ಬಿನಷ್ಟು ನೀರು ಸಾಲದಾ? ಬಾ ಈಚೆಗೆ.”

“ಅಲೆ ಸರಿಯಿರ್ಲಿಲ್ಲ ಕಣೆ,” ಎಂದ ಫ್ರೊಯಿಲಾನ್, ಉಪ್ಪುನೀರು ಉಗಿಯುತ್ತ.

“ಹೌದೌದು, ಅಲೆದೇ ತಪ್ಪು. ಇಷ್ಟು ಕೆಟ್ಟದಾಗಿ ಕೈಕಾಲು ಬಡಿಯೋ ಮನುಷ್ಯನ್ನ ನಾನು ಜನ್ಮದಲ್ಲಿ ನೋಡಿಲ್ಲ.”

ನಾಲ್ಕನೆಯ ಊರು ತಾಪಿಯಾದಲ್ಲಿ ಅವಳು ಸೊಂಟದವರೆಗೆ ನೀರಿಗಿಳಿದು ಅವನ ಕುತ್ತಿಗೆ ಹಿಡಿದು ಎಳೆದಳು. ಅಂದು ಸಂಜೆ ಅಮ್ಮ ವ್ಯಾನಿನೊಳಗೆ ಬಟ್ಟೆ ಬದಲಿಸುತ್ತಿದ್ದಾಗ, ಹೊರಗೆ ಆಲೂಗಡ್ಡೆ ಆಮ್ಲೆಟ್ ತಿನ್ನುತ್ತ ನಾಗೋರೆ ಕೇಳಿಯೇಬಿಟ್ಟಳು. “ಅಪ್ಪ, ಯಾರಿಗೆ ತೋರಿಸ್ಕೊಳ್ಳೋಕೆ ಇದೆಲ್ಲ?”

ಫ್ರೊಯಿಲಾನ್ ಬ್ರೆಡ್ಡು ಮುರಿಯುತ್ತ ಹೇಳಿದ, “ಒಬ್ಬಳು ನೋಡಿದ್ರೆ ಸಾಕು ಮಗಳೇ.”

ನಾಗೋರೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ಎಂಥ ನಿರ್ಲಜ್ಜ.

ಕೊನೆಯ ಊರು ಪಾಂತಿನ್. ಕಾವಲಿನ ಹುಡುಗರು ತೀರದ ಆ ತುದಿಯಲ್ಲಿದ್ದರು. ಫ್ರೊಯಿಲಾನ್ ಬೇಕೆಂದೇ ಈ ತುದಿಯಲ್ಲಿ ನೀರಿಗಿಳಿದ. ಈ ಸಲ ದೂರ ಹೋದ. ತೀರಾ ದೂರ. ಅಲೆಯೊಂದು ಮಗುಚಿತು. ಹಲಗೆ ಬಂತು. ಅವನ ತಲೆ ಕಾಣಿಸಿತು, ಮರೆಯಾಯಿತು, ಮತ್ತೆ ಕಾಣಿಸಲಿಲ್ಲ.

ಎಡುರ್ನೆ ಬೈಯಲಿಲ್ಲ. ಉಟ್ಟ ಬಟ್ಟೆಯಲ್ಲೇ ಓಡಿದಳು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಒಂದು ಕ್ಷಣ ನಿಂತಳು. ಎದುರಿನ ಅಲೆ ಒಡೆಯುವ ಮೊದಲೇ ಅದರ ಅಡಿಗೆ ನುಗ್ಗಿ ಆಚೆ ಎದ್ದಳು. ಅಮ್ಮ ಈಜುವುದನ್ನು ನಾಗೋರೆ ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಅವಳ ತೋಳುಗಳು ನೀರನ್ನು ಸೀಳುತ್ತಿದ್ದ ರೀತಿಗೆ ಮಗಳ ಭಯ ಕೂಡ ಅರೆಗಳಿಗೆ ಹಿಂದೆ ಬಿತ್ತು.

ಗಂಡನನ್ನು ಗಲ್ಲ ಹಿಡಿದು ಎಳೆದು ತಂದು ಮರಳಿನ ಮೇಲೆ ಮೂಟೆಯ ಹಾಗೆ ಕೆಡವಿದಳು.

“ಸತ್ತುಹೋಗಿದ್ರೆ?” ಎಂದಳು. ದನಿ ಒಡೆದಿತ್ತು. “ನಿನ್ನನ್ನೂ ಈ ಕಡಲಿಗೆ ಕೊಟ್ಟು ನಾನು ಮನೆಗೆ ಹೋಗ್ಬೇಕಿತ್ತಾ?”

ತಮ್ಮ ಹೋದ ಮೇಲೆ ಅವಳು ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಕಡಲ ಕಡೆ ತಿರುಗಿ ಸುಮಾರು ಹೊತ್ತು ನೋಡಿದಳು. ಆಮೇಲೆ, ಯಾರೂ ಕರೆಯದೆ, ಯಾರೂ ಮುಳುಗದೆ, ತಾನಾಗಿಯೇ ನಡೆದುಹೋಗಿ ನೀರಿಗಿಳಿದಳು. ಅಲೆಗಳ ಆಚೆಗೆ ನಿಧಾನವಾಗಿ ಈಜತೊಡಗಿದಳು.

ಫ್ರೊಯಿಲಾನ್ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದ. ಸಾವಿನ ಬಾಯಿಂದ ಬಂದವನಿಗೆ ಏದುಸಿರು ಕೂಡ ಇರಲಿಲ್ಲ.

ಆ ಹೊತ್ತಿಗೆ ಕೆಂಪು ಟೋಪಿಯ ಹೆಂಗಸು ಅಲ್ಲಿಗೇ ಬಂದಳು. ಅವಳ ಬಟ್ಟೆಯೂ ಸೊಂಟದವರೆಗೆ ಒದ್ದೆಯಾಗಿತ್ತು. ನಾಗೋರೆ ಅಡ್ಡ ನಿಂತಳು.

“ಇವತ್ತಾದ್ರೂ ನಮ್ಮಪ್ಪನ್ನ ಬಿಡಿ. ಊರೂರಿಗೆ ಹಿಂದೆ ಬಿದ್ದಿದೀರಲ್ಲ, ಯಾರು ನೀವು?”

“ಪಲೆನ್ಸಿಯಾದಲ್ಲಿ ಈಜು ಕಲಿಸೋಳು,” ಎಂದಳು ಆ ಹೆಂಗಸು. ಅವಳ ಕಣ್ಣು ಫ್ರೊಯಿಲಾನನ ಮೇಲಿರಲಿಲ್ಲ, ಅಲೆಗಳಾಚೆ ಈಜುತ್ತಿದ್ದ ಎಡುರ್ನೆಯ ಮೇಲಿತ್ತು. “ಅಕಸ್ಮಾತ್ ನಿಮ್ಮಮ್ಮ ನೀರಿಗಿಳಿದು ಸೋತ್ರೆ ಹಿಡ್ಕೊಳ್ಳೋಕೆ ಒಬ್ಬರಿರ್ಲಿ ಅಂತ ನಿಮ್ಮಪ್ಪ ನನ್ನನ್ನ ಕರೆಸಿದ್ರು.”

“ಅಮ್ಮನ್ನಾ? ಮುಳುಗಿದ್ದು ಅಪ್ಪ ತಾನೆ?”

“ಈಜು ನಿಮ್ಮಪ್ಪನಿಗೆ ಬೇಗನೇ ಬಂತು ಕಣಮ್ಮ. ಚಳಿಗಾಲ ಪೂರ್ತಿ ಹಿಡಿದಿದ್ದು, ಅಮ್ಮ ನಂಬೋ ಹಾಗೆ ಮುಳುಗೋದು ಕಲಿಸೋಕೆ.”