ಕಾಸದ ದಮ್ಮಡಿ

ಬೆಂಕಿಗೆ ಹಿಡಿದ ತೊಗಲಿನ ವಾಸನೆ ಬಂದರೆ ಇವತ್ತಿಗೂ ನನಗೆ ದೋರನಹಳ್ಳಿಯ ಆ ಮಳೆಗಾಲದ ಮಧ್ಯಾಹ್ನ ನೆನಪಾಗುತ್ತದೆ.

ಹುಟ್ಟಿದ ಎಂಟೇ ದಿನಕ್ಕೆ ನನ್ನ ತಮ್ಮ ತೀರಿಕೊಂಡಿದ್ದ. ಅಂದಿನಿಂದ ಅವ್ವ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಯಾರೊಂದಿಗೂ ಮಾತಾಡಿರಲಿಲ್ಲ. ಆ ಭಾನುವಾರ ಮನೆ ಪ್ರಾರ್ಥನೆಯ ಸರದಿ ನಮ್ಮದು.

"ಈ ಸಲ ಬ್ಯಾಡ ಬಿಡ್ರಿ," ಎಂದರು ಚರ್ಚಿನ ಸಭೆಯ ಹೆಂಗಸರು.

"ಬರ್ರಿ, ಕುಂದರ್ರಿ. ಇಂಥಾ ಹೊತ್ತಿನ್ಯಾಗ ಹಾಡಲಿಲ್ಲಂದ್ರ ಮತ್ಯಾವಾಗ ಹಾಡೂದು?" ಎಂದ ಅಜ್ಜಿ, ಮೊಳೆಗೆ ನೇತುಹಾಕಿದ್ದ ಅವ್ವನ ದಮ್ಮಡಿ ತೆಗೆದು ಹಾಗೇ ಬಾರಿಸತೊಡಗಿದಳು. ಮಳೆಗಾಲದಲ್ಲಿ ಅದನ್ನು ಕೆಂಡಕ್ಕೆ ಹಿಡಿಯದೆ ಯಾರೂ ಬಾರಿಸುತ್ತಿರಲಿಲ್ಲ. ಥಂಡಿ ಹಿಡಿದ ತೊಗಲು ಹಸಿ ಗೋಡೆ ಬಡಿದಂತೆ ದಬ್ ದಬ್ ಎಂದಿತು.

"ಅಜ್ಜಿ, ಕಾಸೂದು ಮರತಿ!" ಎಂದೆ.

"ಸುಮ್ಮ ಕುಂದ್ರು," ಎಂದು ಗದರಿಸಿ ಇನ್ನೂ ಜೋರಾಗಿ ಬಡಿದಳು.

ಎರಡನೇ ಹಾಡಿಗೆ ಅವ್ವ ಎದ್ದು ಹೊರಗೆ ಬಂದಳು. "ಕೊಡ್ರಿ ಅತ್ತಿ ಇಲ್ಲಿ. ಯೇಸಪ್ಪನ ಮುಂದ ಹಿಂಗ ಬಾರಸ್ತಾರೇನ್ರಿ?"

ಒಲೆಯ ಮುಂದೆ ಕುಳಿತು ದಮ್ಮಡಿಯನ್ನು ಕೆಂಡಕ್ಕೆ ಹಿಡಿದು, ಬೆರಳಿನಿಂದ ತಟ್ಟಿ ತಟ್ಟಿ ನೋಡಿದಳು. ತೊಗಲು ಠಣ್ ಎಂದಾಗ ಅವಳ ದನಿಯೂ ಮೇಲೆದ್ದಿತು. ಕಣ್ಣೀರು ಹರಿಯುತ್ತಲೇ ಇತ್ತು, ಮುಖ ಮಾತ್ರ ಅರಳಿತ್ತು.

ನಲವತ್ತು ವರ್ಷ ದಮ್ಮಡಿ ಕಾಸಿದ್ದ ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: "ವಯಸ್ಸಾತು ನೋಡವ್ವ, ಮರತೇ ಬಿಟ್ಟಿದ್ನಿ."