ತವರಿನ ಪಿಸ್ತೂಲು

ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಮಡಿಲಕ್ಕಿಯ ಜೊತೆಗೆ ಒಂದು ಪಿಸ್ತೂಲನ್ನೂ ಕೊಡುವುದು ಆ ಕಾಲದ ಪದ್ಧತಿ. ಹಾಗಾಗಿ ಹಾಲಮ್ಮ ಮದುವೆಯ ಸೀರೆ, ಬಳೆ ಕೊಂಡು ಮುಗಿಸಿ, ಮಗಳು ದಾಕ್ಷಾಯಣಿಯನ್ನು ಕರೆದುಕೊಂಡು ದಾವಣಗೆರೆಯ ಪಿಸ್ತೂಲಂಗಡಿಗೆ ಬಂದಳು.

ಅಂಗಡಿಯವನು ಬೆಳ್ಳಿ ಹಿಡಿಕೆಯದೊಂದನ್ನು ಮುಂದಿಟ್ಟ. "ಇದನ್ನೇ ಎಲ್ಲರೂ ಒಯ್ಯೋದಮ್ಮ. ಬೀಗರ ಮುಂದೆ ತಟ್ಟೇಲಿಟ್ರೆ ಶೋಭೆ."

"ಬ್ಯಾಡಪ್ಪ. ಬೀಗರ ಕಣ್ಣಿಗೆ ಬೀಳದಂಥದ್ದು ಕೊಡು," ಎಂದಳು ಹಾಲಮ್ಮ.

ಹಿರಿಯ ಮಗಳು ಶಿವಲೀಲಾಗೆ ಬೆಳ್ಳಿ ಹಿಡಿಕೆಯದನ್ನೇ ಕೊಟ್ಟಿದ್ದರು. ಅವಳು ಗಂಡನ ಮನೆ ಸೇರಿದ ದಿನವೇ ಅತ್ತೆ ಅದನ್ನು "ಜೋಪಾನವಾಗಿರಲಿ" ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ವರ್ಷ ತುಂಬುವುದರೊಳಗೆ ಶಿವಲೀಲಾ ಹೆಣವಾಗಿ ತವರಿಗೆ ಬಂದಳು. ಪಿಸ್ತೂಲು ಹೊಳಪು ಕೂಡ ಮಾಸದೆ ಹಿಂದಿರುಗಿತು.

ಅಂಗಡಿಯವನು ಅಂಗೈಯಗಲದ, ತೆಳ್ಳನೆಯ ಕರಿ ಪಿಸ್ತೂಲೊಂದನ್ನು ತೆಗೆದ. "ಸೊಂಟಕ್ಕೆ ಸಿಗಿಸ್ಕೊಂಡು ಸೆರಗು ಹೊದ್ರೆ ಕಾಣಲ್ಲ. ಬೇಕಾದ್ರೆ ತಬ್ಬಿ ನೋಡಮ್ಮ, ಗೊತ್ತೇ ಆಗಲ್ಲ."

ದಾಕ್ಷಾಯಣಿ ಅದನ್ನು ಸಿಗಿಸಿಕೊಂಡು ನಿಂತಳು. ಹಾಲಮ್ಮ ಮಗಳನ್ನು ಬಿಗಿಯಾಗಿ ತಬ್ಬಿದಳು. ನಿಜಕ್ಕೂ ಏನೂ ತಗುಲಲಿಲ್ಲ.

"ಅವ್ವಾ," ಮಗಳು ಕಿವಿಯಲ್ಲಿ ಕೇಳಿದಳು, "ಇದನ್ನ ಬಚ್ಚಿಟ್ಕೊಂಡು ಬಾಳಬೇಕಾದ ಮನೆಗೆ ನನ್ನ ಯಾಕೆ ಕಳಿಸ್ತೀ?"

"ಎಲ್ಲರೂ ಕಳಿಸ್ತಾರಲ್ಲ ಮಗಳೇ," ಎಂದಳು ಹಾಲಮ್ಮ. ಆದರೂ ತಬ್ಬಿದ ಕೈ ಸಡಿಲಿಸಲಿಲ್ಲ. "ಕಟ್ಟಿಕೊಡ್ಲಾ ಅಮ್ಮ?" ಎಂದು ಅಂಗಡಿಯವನು ಮತ್ತೆ ಮತ್ತೆ ಕೇಳಿದ ಮೇಲೆ, ಮಗಳ ಹೆಗಲ ಮೇಲಿಂದಲೇ ಹೂಂ ಎಂದು ತಲೆಯಾಡಿಸಿದಳು.